ಹಳೆಯ ಕಾರಿಗೆ ಬಿಡಿಭಾಗ: ಹೆಸರು ನೋಡಿ ಕೊಟ್ಟರೆ ಸಾಲದು, ಜೋಡಿ ನೋಡಿ ಕೊಡಬೇಕು

ಹಳೆಯ ಕ್ರೀಡಾಕಾರುಗಳನ್ನು ಪುನರುಜ್ಜೀವನಗೊಳಿಸುವ ಕಾರ್ಯಾಗಾರಗಳಲ್ಲಿ ಮರಳಿ ಮರಳಿ ಕಾಣಸಿಗುವ ಒಂದು ಸನ್ನಿವೇಶವಿದೆ. ತಿಂಗಳುಗಟ್ಟಲೆ ಶ್ರಮಿಸಿ ಎಂಜಿನ್ನನ್ನು ಸಿದ್ಧಗೊಳಿಸಲಾಗಿದೆ. ಗೇರ್‌ಬಾಕ್ಸನ್ನು ಬಿಚ್ಚಿ, ತೊಳೆದು, ಹೊಸ ಬೇರಿಂಗುಗಳನ್ನು ಕೂರಿಸಲಾಗಿದೆ. ದೇಹಕ್ಕೆ ಬಣ್ಣವೂ ಆಗಿದೆ. ಆದರೆ ಸರಪಳಿಯಿಂದ ಎಂಜಿನ್ನನ್ನು ಕೆಳಗಿಳಿಸಿದಾಗ ಮೌಂಟಿನ ರಂಧ್ರವೂ ಬ್ರಾಕೆಟ್ಟಿನ ರಂಧ್ರವೂ ಒಂದಕ್ಕೊಂದು ಎದುರಾಗುವುದಿಲ್ಲ. ತಂದ ಬಿಡಿಭಾಗ ಹೊಸದು, ಡಬ್ಬಿಯ ಮೇಲೆ ಕಾರಿನ ಹೆಸರೂ ಸರಿಯಾಗಿಯೇ ಇದೆ. ಆದರೂ ಅದು ಆ ಕಾರಿನದಲ್ಲ.

ಇಂತಹ ಪ್ರಸಂಗದಲ್ಲಿ ನಷ್ಟ ಗ್ರಾಹಕನೊಬ್ಬನದೇ ಅಲ್ಲ. ಸರಕು ಹಿಂದಿರುಗುತ್ತದೆ, ಸಾಗಣೆಯ ವೆಚ್ಚ ಎರಡು ಪಟ್ಟಾಗುತ್ತದೆ, ಮಾರಿದವನ ಹೆಸರು ಕೆಡುತ್ತದೆ. ಹಳೆಯ ಕಾರುಗಳ ಬಿಡಿಭಾಗದ ವ್ಯಾಪಾರದಲ್ಲಿ ಲಾಭವನ್ನು ನಿರ್ಧರಿಸುವುದು ತಯಾರಿಕೆಯ ವೆಚ್ಚಕ್ಕಿಂತ ಹೆಚ್ಚಾಗಿ ಭಾಗವು ಮೊದಲ ಬಾರಿಗೇ ಹೊಂದಿತೇ ಎಂಬ ಅಂಶ. ಇದನ್ನು ಅರಿಯಲು ಬ್ರಿಟನ್ನಿನ ಎಂ.ಜಿ.ಬಿ. ಕಾರಿಗಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ.

ಒಂದೇ ಹೆಸರು, ಹಲವು ಕಾರು

ಎಂ.ಜಿ.ಬಿ.ಯು 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ರಫ್ತಾದವು. 1980ರಲ್ಲಿ ಕಾರ್ಖಾನೆ ಮುಚ್ಚಿದರೂ ಕಾರಿನ ಮೇಲಿನ ಅಭಿಮಾನ ಕುಂದಲಿಲ್ಲ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ಹಳೆಯ ಅಚ್ಚುಗಳನ್ನೇ ಬಳಸಿ ಇಡೀ ದೇಹಕವಚವನ್ನು ಹೊಸದಾಗಿ ತಯಾರಿಸಿ ಮಾರುಕಟ್ಟೆಗೆ ತಂದಿತು. ಉತ್ಪಾದನೆ ನಿಂತ ಕಾರೊಂದಕ್ಕೆ ಹೊಸ ದೇಹವೇ ದೊರೆಯುವಂತಾದ ಮೇಲೆ ಸಣ್ಣಪುಟ್ಟ ಭಾಗಗಳ ಬೇಡಿಕೆಯೂ ಸಹಜವಾಗಿಯೇ ಉಳಿದುಕೊಂಡಿತು.

ಹದಿನೆಂಟು ವರ್ಷಗಳ ಕಾಲ ಹೊರನೋಟಕ್ಕೆ ಹೆಚ್ಚು ಬದಲಾಗದ ಈ ಕಾರು ಒಳಗೆ ಮಾತ್ರ ಅನೇಕ ಬಾರಿ ಬದಲಾಯಿತು. ಎಂಜಿನ್ನಿನ ಗಾತ್ರ ಆದಿಯಿಂದ ಅಂತ್ಯದವರೆಗೂ 1798 ಸಿ.ಸಿ. ಆಗಿಯೇ ಇತ್ತು. ಆದರೆ ಆರಂಭದ 18 ಜಿ. ಮತ್ತು 18 ಜಿ.ಎ. ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟ್ ಮೂರು ಮುಖ್ಯ ಬೇರಿಂಗುಗಳ ಮೇಲೆ ತಿರುಗುತ್ತಿತ್ತು. 1964ರ ಅಕ್ಟೋಬರಿನಲ್ಲಿ ಬಂದ 18 ಜಿ.ಬಿ. ಎಂಜಿನ್ನಿಗೆ ಐದು ಬೇರಿಂಗುಗಳನ್ನು ಒದಗಿಸಲಾಯಿತು. 1967ರ ಕೊನೆಯಲ್ಲಿ ಬಂದ ಎರಡನೆಯ ಸರಣಿಯಲ್ಲಿ ಗೇರ್‌ಬಾಕ್ಸೇ ಬದಲಾಯಿತು. ಅಲ್ಲಿಯವರೆಗೆ ಮೊದಲ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲ. ಹೊಸ ಪೆಟ್ಟಿಗೆಯಲ್ಲಿ ನಾಲ್ಕೂ ಗೇರುಗಳಿಗೆ ಅದು ದೊರೆಯಿತು. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿ ಹೊಳೆಯುವ ಕ್ರೋಮ್ ಬಂಪರುಗಳ ಬದಲು ಕಪ್ಪು ಬಣ್ಣದ ದೊಡ್ಡ ಬಂಪರುಗಳು ಬಂದವು. ಕಾರಿನ ಎತ್ತರವೂ ಹೆಚ್ಚಿತು.

ಹೀಗಾಗಿ ‘ಎಂ.ಜಿ.ಬಿ. ಕಾರಿನ ಮೌಂಟು’ ಅಥವಾ ‘ಎಂ.ಜಿ.ಬಿ. ಕಾರಿನ ಗೇರ್‌ಬಾಕ್ಸು’ ಎಂಬ ಬೇಡಿಕೆಗೆ ಖಚಿತವಾದ ಅರ್ಥವೇ ಇಲ್ಲ. ಯಾವ ಅವಧಿಯ ದೇಹ, ಯಾವ ಸರಣಿಯ ಎಂಜಿನ್ನು, ಯಾವ ಪೆಟ್ಟಿಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ನಂತರವೇ ಬೇಡಿಕೆ ಸ್ಪಷ್ಟವಾಗುತ್ತದೆ.

ಮೌಂಟಿನ ಕೆಲಸವೇನು?

ನಮ್ಮ ಗ್ಯಾರೇಜುಗಳಲ್ಲಿ ‘ಎಂಜಿನ್ ಫೌಂಡೇಷನ್’ ಎಂದೂ ಕರೆಯಲ್ಪಡುವ ಈ ಭಾಗವು ನೋಟಕ್ಕೆ ಅತಿ ಸರಳ: ಎರಡು ಲೋಹದ ತಟ್ಟೆಗಳು, ನಡುವೆ ಅಂಟಿಕೊಂಡ ರಬ್ಬರು, ಇಕ್ಕೆಲಗಳಲ್ಲಿ ಬೋಲ್ಟು. ಆದರೆ ಅದರ ಹೊಣೆ ಚಿಕ್ಕದಲ್ಲ. ಎಂಜಿನ್ನಿನ ಭಾರವನ್ನು ಹೊರಬೇಕು. ಅದರ ನಡುಕ ದೇಹಕ್ಕೆ ತಲುಪದಂತೆ ತಡೆಯಬೇಕು. ವೇಗ ಹೆಚ್ಚಿಸಿದಾಗ ಎಂಜಿನ್ನು ಪಕ್ಕಕ್ಕೆ ಹೊರಳದಂತೆಯೂ ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರದಂತೆಯೂ ಹಿಡಿದಿಡಬೇಕು.

ಎಂ.ಜಿ.ಬಿ.ಯಲ್ಲಿ ಎಂಜಿನ್ನಿನ ಮುಂಭಾಗಕ್ಕೆ ದಪ್ಪ ಉಕ್ಕಿನ ತಟ್ಟೆಯೊಂದಿದ್ದು, ಅದರ ಎರಡು ತುದಿಗಳು ಎರಡು ರಬ್ಬರು ಮೌಂಟುಗಳ ಮೂಲಕ ದೇಹದ ಬ್ರಾಕೆಟ್ಟುಗಳಿಗೆ ಸೇರುತ್ತವೆ. ಹಿಂಭಾಗದ ಭಾರವನ್ನು ಗೇರ್‌ಬಾಕ್ಸಿನ ಕೆಳಗಿನ ಅಡ್ಡಪಟ್ಟಿ ಹೊರುತ್ತದೆ. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ದೇಹಕವಚವೇ ಚೌಕಟ್ಟು. ಆದ್ದರಿಂದ ಮುಂದಿನ ಬ್ರಾಕೆಟ್ಟುಗಳು ದೇಹಕ್ಕೇ ಬೆಸುಗೆಯಾಗಿವೆ. 1974ರ ಬದಲಾವಣೆಯಲ್ಲಿ ಈ ಬ್ರಾಕೆಟ್ಟುಗಳು, ರಬ್ಬರು ಮೌಂಟಿನ ಆಕಾರ ಹಾಗೂ ಎಂಜಿನ್ನಿನ ಮುಂದಿನ ತಟ್ಟೆ ಮೂರೂ ಬದಲಾದವು.

ಇದರ ಪರಿಣಾಮ ಗಮನಾರ್ಹವಾದುದು. ಕ್ರೋಮ್ ಬಂಪರಿನ ಕಾರಿಗೆ ನಂತರದ ಕಾಲದ 18 ವಿ. ಎಂಜಿನ್ನನ್ನು ಅಳವಡಿಸುವಾಗ ಅದರ ಮುಂದಿನ ತಟ್ಟೆಯನ್ನು ಕಳಚಿ, ಕಾರಿನ ಮೂಲ ಎಂಜಿನ್ನಿನ ತಟ್ಟೆಯನ್ನು ಹಾಕಬೇಕಾಗುತ್ತದೆ. ಅಂದರೆ ಮೌಂಟನ್ನು ಆರಿಸಬೇಕಾದುದು ದೇಹದ ಅವಧಿಯನ್ನು ನೋಡಿ. ತಟ್ಟೆಯನ್ನು ಮೌಂಟಿಗೆ ತಕ್ಕಂತೆ ಬದಲಿಸಬೇಕು. ಇದನ್ನರಿಯದವರು ಬ್ರಾಕೆಟ್ಟನ್ನು ಕತ್ತರಿಸಿ ಬೇರೆಡೆ ಬೆಸುಗೆ ಹಾಕುತ್ತಾರೆ. ಕೆಲವು ಬೋಲ್ಟುಗಳ ಕೆಲಸಕ್ಕೆ ಕಾರಿನ ಮೂಲರೂಪವೇ ಬಲಿಯಾಗುತ್ತದೆ.

ಮೌಂಟು ಸೋತಾಗ ಅದರ ಲಕ್ಷಣಗಳು ಬೇರೆ ಕಡೆ ಕಾಣಿಸಿಕೊಳ್ಳುತ್ತವೆ. ಬ್ರೇಕ್ ಹಾಕಿದಾಗ ಫ್ಯಾನು ರೇಡಿಯೇಟರಿಗೆ ತಗಲುವುದು, ಗೇರ್ ಕಡ್ಡಿ ನಡುಗುವುದು, ಎಕ್ಸಾಸ್ಟ್ ಕೊಳವೆ ದೇಹಕ್ಕೆ ಬಡಿಯುವುದು, ಕ್ಲಚ್ ಬಿಡುವಾಗ ಕಾರು ಜಗ್ಗುವುದು ಇವೇ ಮುಂತಾದವು. ಗ್ರಾಹಕನು ಕ್ಲಚ್ ಕೆಟ್ಟಿತೆಂದು ಭಾವಿಸಿ ಹೊಸ ಕ್ಲಚ್ ಕೊಳ್ಳುತ್ತಾನೆ. ದೋಷ ಹಾಗೆಯೇ ಉಳಿಯುತ್ತದೆ. ಮೌಂಟುಗಳನ್ನು ಯಾವಾಗಲೂ ಜೋಡಿಯಾಗಿ ಬದಲಿಸುವುದು, ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ತೊಡಿಸಿ ಎಂಜಿನ್ನಿನ ಪೂರ್ಣ ಭಾರ ಕೂತ ಬಳಿಕವೇ ಬಿಗಿಯುವುದು ಉತ್ತಮ ಪದ್ಧತಿ. ಬಿಚ್ಚುವಾಗ ದೊರೆಯುವ ತೆಳುವಾದ ಪ್ಯಾಕಿಂಗ್ ತಗಡುಗಳನ್ನು ಕಸವೆಂದು ಎಸೆಯಬಾರದು. ಅವು ಎಂಜಿನ್ನನ್ನು ತಕ್ಕ ಸ್ಥಾನದಲ್ಲಿ ನಿಲ್ಲಿಸಲೆಂದೇ ಇಟ್ಟವು.

ಎಂಜಿನ್ನು ಮತ್ತು ಗೇರ್‌ಬಾಕ್ಸಿನ ಸಂಧಿ

ಮೌಂಟು ಹೊಂದದಿದ್ದರೆ ಎಂಜಿನ್ ಇಳಿಸುವಾಗಲೇ ತಿಳಿಯುತ್ತದೆ. ಗೇರ್‌ಬಾಕ್ಸಿನ ಭಾಗಗಳು ಹೊಂದದಿದ್ದರೆ ಕೆಲವೊಮ್ಮೆ ಕಾರು ಓಡಿದ ಬಳಿಕವೇ ತಿಳಿಯುತ್ತದೆ. ಎಂ.ಜಿ.ಬಿ.ಯಲ್ಲಿ ಎಂಜಿನ್ನನ್ನು ತೆಗೆಯದೆ ಗೇರ್‌ಬಾಕ್ಸನ್ನು ಮಾತ್ರ ಹೊರತೆಗೆಯಲಾಗದು. ಹೀಗಾಗಿ ಅಲ್ಪ ಬೆಲೆಯ ಬುಷ್ ಒಂದು ತಪ್ಪಾದರೂ ಎಂಜಿನ್ನನ್ನು ಮತ್ತೊಮ್ಮೆ ಮೇಲೆತ್ತಬೇಕು. ಕೂಲಿಯ ವೆಚ್ಚ ಭಾಗದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು.

ಗೇರ್‌ಬಾಕ್ಸಿನ ಮೊದಲ ಶಾಫ್ಟಿನ ತುದಿಯು ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಕುಳಿಯಲ್ಲಿ ಬುಷ್ ಒಂದರೊಳಗೆ ತಿರುಗುತ್ತದೆ. ಮೂರು ಬೇರಿಂಗಿನ ಎಂಜಿನ್ನಿಗಾಗಿ ಮಾಡಿದ ಪೆಟ್ಟಿಗೆಯಲ್ಲಿ ಈ ತುದಿ ಸಣ್ಣದು. ಐದು ಬೇರಿಂಗಿನ ಎಂಜಿನ್ನು ಬಂದಾಗ ಅದನ್ನು ದಪ್ಪವಾಗಿಸಲಾಯಿತು. ಹಳೆಯ ಪೆಟ್ಟಿಗೆಯನ್ನು ನಂತರದ ಎಂಜಿನ್ನಿಗೆ ಜೋಡಿಸಬೇಕಾದರೆ ಹೊರವ್ಯಾಸ ದೊಡ್ಡದಾಗಿಯೂ ಒಳವ್ಯಾಸ ಚಿಕ್ಕದಾಗಿಯೂ ಇರುವ ವಿಶೇಷ ಬುಷ್ ಬೇಕು. ಸಾಧಾರಣ ಲೇತ್ ಇರುವ ಕಾರ್ಯಾಗಾರವೂ ಇದನ್ನು ತಯಾರಿಸಬಲ್ಲದು. ಆದರೆ ಒಳವ್ಯಾಸದಲ್ಲಿ ಸಡಿಲಿಕೆ ಹೆಚ್ಚಾದರೆ ಶಾಫ್ಟು ಓಲಾಡಿ ಸದ್ದು ಮಾಡುತ್ತದೆ. ಕಡಿಮೆಯಾದರೆ ಕ್ಲಚ್ ಒತ್ತಿದಾಗಲೂ ಶಾಫ್ಟು ಎಂಜಿನ್ನಿನೊಡನೆ ತಿರುಗಿ ಗೇರ್ ಬೀಳುವುದಿಲ್ಲ.

1967ರ ಬದಲಾವಣೆ ಇನ್ನೂ ವ್ಯಾಪಕವಾದುದು. ನಾಲ್ಕು ಸಿಂಕ್ರೋಮೆಶ್ ಪೆಟ್ಟಿಗೆಯೊಂದಿಗೆ ಎಂಜಿನ್ನಿನ ಹಿಂದಿನ ತಟ್ಟೆ, ಫ್ಲೈವೀಲ್ ಹಾಗೂ ಸ್ಟಾರ್ಟರ್ ಬದಲಾದವು. ಹಳೆಯ ಕಾಲದ ಎಂಜಿನ್ನಿಗೆ ಈ ಪೆಟ್ಟಿಗೆಯನ್ನು ಜೋಡಿಸಬಯಸುವವರು ಪೆಟ್ಟಿಗೆಯೊಂದನ್ನೇ ಕೊಂಡರೆ ಸಾಲದು. ಹಿಂದಿನ ತಟ್ಟೆ, ಫ್ಲೈವೀಲ್, ಸ್ಟಾರ್ಟರ್ ಮೂರನ್ನೂ ಅದೇ ಅವಧಿಯ ಒಂದು ಜೋಡಿಯಾಗಿ ಪಡೆಯಬೇಕು. ಅಷ್ಟಾದರೂ ತೊಡಕು ಮುಗಿಯುವುದಿಲ್ಲ. ಹೊಸ ಪೆಟ್ಟಿಗೆಗೂ ಆಗ ಐಚ್ಛಿಕವಾಗಿ ಒದಗಿಸಿದ ಸ್ವಯಂಚಾಲಿತ ಪೆಟ್ಟಿಗೆಗೂ ಸ್ಥಳ ಸಾಲುವಂತೆ 1967ರಲ್ಲಿ ದೇಹದ ನಡುವಿನ ಸುರಂಗವನ್ನೇ ಅಗಲಗೊಳಿಸಲಾಗಿತ್ತು. ಮೊದಲ ಸರಣಿಯ ಕಿರಿದಾದ ಸುರಂಗದಲ್ಲಿ ಅದು ಕತ್ತರಿಸದೆ, ತಟ್ಟದೆ ಕೂರುವುದಿಲ್ಲ. ಹೀಗಿರುವಾಗ ಮೊದಲ ಸರಣಿಯ ಕಾರಿಗೆ ಅದರದೇ ಹಳೆಯ ಪೆಟ್ಟಿಗೆಯನ್ನು ದುರಸ್ತಿ ಮಾಡಿಸುವುದೇ ಲೇಸೆಂದು ಗ್ರಾಹಕನಿಗೆ ಪ್ರಾಮಾಣಿಕವಾಗಿ ತಿಳಿಸುವ ವ್ಯಾಪಾರಿಯು ಒಂದು ಮಾರಾಟವನ್ನು ಕಳೆದುಕೊಂಡಾನು, ಗ್ರಾಹಕನನ್ನು ಕಳೆದುಕೊಳ್ಳಲಾರ.

ಪೆಟ್ಟಿಗೆಯ ಹಿಂದಿನ ಭಾಗಗಳು

ಎಂ.ಜಿ.ಬಿ.ಗೆ ಲೇಕಾಕ್ ಸಂಸ್ಥೆಯ ಓವರ್‌ಡ್ರೈವ್ ಸಾಧನವೂ ದೊರೆಯುತ್ತಿತ್ತು. ಹಳೆಯ ಪೆಟ್ಟಿಗೆಗೆ ಡಿ ಮಾದರಿ, ನಾಲ್ಕು ಸಿಂಕ್ರೋಮೆಶ್ ಪೆಟ್ಟಿಗೆಗೆ ಎಲ್.ಎಚ್. ಮಾದರಿ. ಇವೆರಡನ್ನೂ ಅದಲುಬದಲು ಮಾಡಲಾಗದು.

ಎಲ್.ಎಚ್. ಮಾದರಿಯಲ್ಲಿಯೂ ಎರಡು ಬಗೆಗಳಿವೆ. ಮೊದಲಿನದು ಒಂದು ಮೈಲಿಗೆ ಸ್ಪೀಡೋಮೀಟರ್ ತಂತಿಯನ್ನು 1280 ಸುತ್ತು ತಿರುಗಿಸಿದರೆ ನಂತರದ್ದು 1000 ಸುತ್ತು ತಿರುಗಿಸುತ್ತದೆ. ಮೀಟರಿನ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ ಈ ಸಂಖ್ಯೆ ಮುದ್ರಿತವಾಗಿರುತ್ತದೆ. 1280ರ ಮೀಟರನ್ನು 1000 ಸುತ್ತಿನ ಪೆಟ್ಟಿಗೆಗೆ ಜೋಡಿಸಿದರೆ ಕಾರು ಗಂಟೆಗೆ 100 ಮೈಲಿ ವೇಗದಲ್ಲಿ ಓಡುವಾಗ ಮುಳ್ಳು ಸುಮಾರು 78ನ್ನು ತೋರಿಸುತ್ತದೆ. ಇದು ಕೇವಲ ಅಲಂಕಾರದ ದೋಷವಲ್ಲ. ಚಾಲಕನ ಜೀವಕ್ಕೇ ಸಂಬಂಧಿಸಿದ ದೋಷ. ಗೇರ್‌ಬಾಕ್ಸು ಮಾರುವವನು ಮೀಟರಿನ ಸಂಖ್ಯೆಯನ್ನು ಕೇಳಬೇಕಾದುದು ಈ ಕಾರಣಕ್ಕಾಗಿ.

ಪ್ರೊಪೆಲ್ಲರ್ ಶಾಫ್ಟಿನ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. 1965ರಲ್ಲಿ ಬಂದ ಜಿ.ಟಿ. ಮಾದರಿಗೆ ಹೊಸ ಬಗೆಯ ಹಿಂದಿನ ಆ್ಯಕ್ಸಲ್ ಅಳವಡಿಸಲಾಗಿತ್ತು; ತೆರೆದ ಕಾರಿಗೆ ಅದು 1967ರಲ್ಲಿ ಬಂದಿತು. ಪೆಟ್ಟಿಗೆ ಹಾಗೂ ಆ್ಯಕ್ಸಲಿನ ಬಗೆಗೆ ಅನುಗುಣವಾಗಿ ಶಾಫ್ಟಿನ ಉದ್ದ ಬದಲಾಗುತ್ತದೆ. ವರ್ಷವನ್ನು ಮಾತ್ರ ಕೇಳಿ ಶಾಫ್ಟು ಕಳಿಸುವುದು ಅಳತೆ ತೆಗೆಯದೆ ಅಂಗಿ ಹೊಲಿದಂತೆ.

ಗುರುತಿಸುವ ಬಗೆ

ಕಾರಿನ ನೋಂದಣಿ ಪತ್ರದಲ್ಲಿರುವ ವರ್ಷವನ್ನು ನಂಬಿ ಎಂಜಿನ್ನನ್ನು ನಿರ್ಧರಿಸುವುದು ಸರಿಯಲ್ಲ. ಆ ಕಾಲದಲ್ಲಿ ಸವೆದ ಎಂಜಿನ್ನನ್ನು ಕೊಟ್ಟು ಕಂಪನಿಯೇ ಪುನರ್ನಿರ್ಮಿಸಿದ ‘ಗೋಲ್ಡ್ ಸೀಲ್’ ಎಂಜಿನ್ನನ್ನು ಪಡೆಯುವ ವ್ಯವಸ್ಥೆಯಿತ್ತು. ಅರ್ಧ ಶತಮಾನದಲ್ಲಿ ಹಲವು ಕೈ ಬದಲಾದ ಕಾರಿನಲ್ಲಿ ಮೂಲ ಎಂಜಿನ್ನೇ ಇದೆಯೆಂಬ ಖಾತರಿಯಿಲ್ಲ. ಎಂಜಿನ್ ಬ್ಲಾಕಿನ ಬಲಬದಿಯಲ್ಲಿ ರಿವೆಟ್ ಮಾಡಿದ ಫಲಕದ ಮೇಲಿನ ಸಂಖ್ಯೆಯ ಮೊದಲ ಅಕ್ಷರಗಳು ಸರಣಿಯನ್ನು ತಿಳಿಸುತ್ತವೆ. ಕಾರು ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತು ಎಂಬುದಕ್ಕೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ತನ್ನ ದಾಖಲೆಗಳ ಆಧಾರದಲ್ಲಿ ಶುಲ್ಕ ಪಡೆದು ಪ್ರಮಾಣಪತ್ರ ನೀಡುತ್ತದೆ.

ಆದೇಶ ಸ್ವೀಕರಿಸುವ ಮುನ್ನ ಗ್ರಾಹಕನಿಂದ ಪಡೆಯಬೇಕಾದ ವಿವರಗಳು ಹೀಗಿವೆ: ಕಾರಿನ ದೇಹಸಂಖ್ಯೆ, ಎಂಜಿನ್ ಫಲಕದ ಪೂರ್ಣ ಸಂಖ್ಯೆ, ಗೇರ್‌ಬಾಕ್ಸಿನ ಬಗೆ, ಓವರ್‌ಡ್ರೈವ್ ಇದೆಯೇ ಇಲ್ಲವೇ, ಆ್ಯಕ್ಸಲಿನ ಬಗೆ, ಮೀಟರಿನ ಮೇಲಿನ ಸಂಖ್ಯೆ, ಹಳೆಯ ಭಾಗದ ಛಾಯಾಚಿತ್ರ ಹಾಗೂ ರಂಧ್ರಗಳ ನಡುವಿನ ಅಂತರ. ಐದು ನಿಮಿಷದ ಈ ವಿಚಾರಣೆಯು ಐದು ವಾರಗಳ ಪತ್ರವ್ಯವಹಾರವನ್ನು ತಪ್ಪಿಸುತ್ತದೆ.

ಕಾನೂನಿನ ದೃಷ್ಟಿ

ಮೂಲರೂಪವನ್ನು ಕಾಯ್ದುಕೊಳ್ಳುವುದು ಕೇವಲ ಅಭಿರುಚಿಯ ಮಾತಲ್ಲ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ 40 ವರ್ಷ ಮೀರಿದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ದೊರೆತಿದೆ. ಆದರೆ ಹಿಂದಿನ 30 ವರ್ಷಗಳಲ್ಲಿ ಕಾರಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅದೇ ಮೂಲ ಎಂಜಿನ್ನಿನ ಬೇರೆ ಗಾತ್ರವನ್ನಾಗಲಿ, ಕಂಪನಿಯೇ ಒದಗಿಸುತ್ತಿದ್ದ ಪರ್ಯಾಯ ಎಂಜಿನ್ನನ್ನಾಗಲಿ ಹಾಕಿದರೆ ಅದನ್ನು ಗಣನೀಯ ಮಾರ್ಪಾಡೆಂದು ಪರಿಗಣಿಸುವುದಿಲ್ಲ.

ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವನ್ನು ನಿಗದಿಪಡಿಸಲಾಯಿತು; ಸಂಖ್ಯೆಯಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ. ವಾಹನವು ಮೂಲರೂಪದಲ್ಲಿರಬೇಕು, ಚಾಸಿ, ದೇಹಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಷರತ್ತು. ಹೊಂದದ ಮೌಂಟಿಗಾಗಿ ಬ್ರಾಕೆಟ್ಟನ್ನು ಕತ್ತರಿಸುವವರು ಈ ಷರತ್ತನ್ನು ಮೊದಲು ಓದಿಕೊಳ್ಳುವುದು ಒಳಿತು.

ಸಣ್ಣ ಉದ್ದಿಮೆದಾರರಿಗೆ ಇದರಲ್ಲಿರುವ ಪಾಠ

ರಬ್ಬರನ್ನು ಲೋಹಕ್ಕೆ ಬೆಸೆಯುವ ಘಟಕಗಳು, ಲೇತ್ ಮತ್ತು ಮಿಲ್ಲಿಂಗ್ ಕಾರ್ಯಾಗಾರಗಳು, ಎರಕದ ಕಾರ್ಖಾನೆಗಳು ನಮ್ಮ ರಾಜ್ಯಕ್ಕೆ ಹೊಸತಲ್ಲ. ಪೀಣ್ಯದ ಯಂತ್ರಗಾರಿಕೆಗೂ ಬೆಳಗಾವಿಯ ಉದ್ಯಮಬಾಗ್‌ನ ಎರಕಕ್ಕೂ ಹೆಸರಿದೆ. ಹಳೆಯ ಕಾರಿನ ಭಾಗಗಳಿಗೆ ಬೇಕಾದ ಯಂತ್ರಗಳು ಅವರಲ್ಲಿವೆ. ಬೇಕಾದುದು ಸಣ್ಣ ಪ್ರಮಾಣದ ಆದೇಶಕ್ಕೆ ಹೊಂದುವ ಲೆಕ್ಕಾಚಾರ ಮತ್ತು ಅಳತೆಯ ಶಿಸ್ತು.

ಮೊದಲನೆಯದು ಅಚ್ಚಿನ ಲೆಕ್ಕ. ಮೌಂಟಿನ ಅಚ್ಚಿಗೆ ಒಂದು ಲಕ್ಷ ರೂಪಾಯಿ ತಗಲುವುದೆಂದು ಭಾವಿಸೋಣ. 200 ಭಾಗಗಳನ್ನು ಮಾತ್ರ ಮಾರಿದರೆ ಪ್ರತಿಯೊಂದರ ಮೇಲೆ ಅಚ್ಚಿನ ವೆಚ್ಚವೇ 500 ರೂಪಾಯಿ. 2,000 ಮಾರಿದರೆ 50 ರೂಪಾಯಿ. ನೂರು ಭಾಗಗಳಲ್ಲಿ ಹತ್ತು ಹಿಂದಿರುಗಿ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಎರಡನೆಯದು ಮಾದರಿಯ ಆಯ್ಕೆ. ಗ್ರಾಹಕ ಕಳಿಸಿದ ಹಳೆಯ ಮೌಂಟನ್ನು ಅಳೆದು ಅದರಂತೆಯೇ ಅಚ್ಚು ಮಾಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ದಶಕಗಳ ಭಾರಕ್ಕೆ ಆ ರಬ್ಬರು ಕುಗ್ಗಿರುತ್ತದೆ, ಕಾವಿಗೆ ಗಟ್ಟಿಯಾಗಿರುತ್ತದೆ. ಅದನ್ನು ಯಥಾವತ್ತಾಗಿ ನಕಲು ಮಾಡಿದರೆ ಹುಟ್ಟುವಾಗಲೇ ಮುಪ್ಪಾದ ಮೌಂಟು ತಯಾರಾಗುತ್ತದೆ. ರಂಧ್ರ ಹಾಗೂ ಲೋಹದ ಅಳತೆಗಳನ್ನು ಹಳೆಯ ಮಾದರಿಯಿಂದ ಪಡೆಯಬಹುದು. ರಬ್ಬರಿನ ದಪ್ಪ ಮತ್ತು ಷೋರ್ ಮಾಪನದ ಗಡಸುತನವನ್ನು ಸುಸ್ಥಿತಿಯಲ್ಲಿರುವ ಹಲವು ಮಾದರಿಗಳನ್ನು ಹೋಲಿಸಿ, ಕಾರಿನಲ್ಲಿ ಅಳವಡಿಸಿ ನೋಡಿ ನಿರ್ಧರಿಸಬೇಕು. ಇದೇ ಕಾರಣಕ್ಕೆ ಗೋದಾಮಿನಲ್ಲಿ ಬಳಸದೆ ಉಳಿದ ಹಳೆಯ ಸರಕೂ ರಬ್ಬರಿನ ವಿಷಯದಲ್ಲಿ ನಂಬಲರ್ಹವಲ್ಲ. ರಬ್ಬರು ಕಪಾಟಿನಲ್ಲಿದ್ದರೂ ಮುದಿಯಾಗುತ್ತದೆ.

ಮೂರನೆಯದು ವಸ್ತುವಿನ ಆಯ್ಕೆ. ನೈಸರ್ಗಿಕ ರಬ್ಬರು ನಡುಕವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಆದರೆ ಎಣ್ಣೆ ಸೋಕಿದರೆ ಊದಿ ಮೆತ್ತಗಾಗುತ್ತದೆ. ನೈಟ್ರೈಲಿನಂತಹ ಸಂಶ್ಲೇಷಿತ ರಬ್ಬರುಗಳು ಎಣ್ಣೆಯನ್ನು ತಾಳುತ್ತವೆ. ಗಡುಸಾದ ಪಾಲಿಯುರೆಥೇನ್ ಬಹುಕಾಲ ಬಾಳಿದರೂ ನಡುಕವನ್ನು ದೇಹಕ್ಕೆ ದಾಟಿಸುತ್ತದೆ. ಮೌಂಟುಗಳು ಹೆಚ್ಚಾಗಿ ಸೋಲುವುದು ರಬ್ಬರು ಲೋಹದಿಂದ ಕಳಚಿದಾಗ. ಆದ್ದರಿಂದ ಬೆಸುಗೆಗೆ ಮುನ್ನ ಲೋಹದ ಮೈಯನ್ನು ಶುಚಿಗೊಳಿಸುವುದರಲ್ಲಿ ಉಳಿತಾಯ ಮಾಡಬಾರದು. ಪ್ರತಿ ತಂಡದಿಂದ ಕೆಲವನ್ನು ಎಳೆದು ಮುರಿದು ಪರೀಕ್ಷಿಸಬೇಕು.

ನಾಲ್ಕನೆಯದು ಗುರುತು. ಭಾಗದ ಮೇಲೆ ತಯಾರಕರ ಸ್ವಂತ ಸಂಖ್ಯೆ, ತಯಾರಾದ ತಿಂಗಳು, ಹೊಂದುವ ಅವಧಿ ಇರಬೇಕು. ಕಾರು ಕಂಪನಿಯ ಲಾಂಛನವನ್ನು ಮಾತ್ರ ಬಳಸಬಾರದು. ಎಂ.ಜಿ. ಎಂಬ ಹೆಸರು ಈಗ ಚೀನಾದ ಎಸ್.ಎ.ಐ.ಸಿ. ಸಂಸ್ಥೆಯ ಒಡೆತನದಲ್ಲಿದೆ. ‘ಇಂತಹ ಕಾರಿಗೆ ಹೊಂದುತ್ತದೆ’ ಎಂದು ತಿಳಿಸುವುದಕ್ಕೂ ಆ ಕಂಪನಿಯದೇ ಭಾಗವೆಂದು ಬಿಂಬಿಸುವುದಕ್ಕೂ ಕಾನೂನಿನಲ್ಲಿ ಬಹಳ ಅಂತರವಿದೆ.

ಈ ಎಂಜಿನ್ನಿಗೂ ಭಾರತಕ್ಕೂ ಹಳೆಯ ನಂಟಿದೆ. ಎಂ.ಜಿ.ಬಿ.ಯ ಎಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ ಸರಣಿ’ಗೆ ಸೇರಿದುದು. ಇದೇ ಸರಣಿಯ 1489 ಸಿ.ಸಿ. ಎಂಜಿನ್ನು 1955ರ ಎಂ.ಜಿ.ಎ. ಕಾರಿನಲ್ಲಿಯೂ, 1959ರ ನಂತರ ಹಿಂದೂಸ್ತಾನ್ ಅಂಬಾಸಿಡರ್ ಕಾರಿನಲ್ಲಿಯೂ ಇತ್ತು. ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತರೂ ಅದರ ಎಂಜಿನ್ನನ್ನು ಬಲ್ಲ ಮೆಕ್ಯಾನಿಕರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರ ಕೈಚಳಕ ಈ ವ್ಯಾಪಾರಕ್ಕೆ ದೊಡ್ಡ ಆಸ್ತಿ. ಆದರೆ ಕುಲ ಒಂದೇ ಎಂದ ಮಾತ್ರಕ್ಕೆ ಭಾಗಗಳೂ ಒಂದೇ ಎನ್ನಲಾಗದು. ಒಂದೇ ಎಂಜಿನ್ನು ಬೇರೆ ಬೇರೆ ದೇಹಗಳಲ್ಲಿ ಕೂತಾಗ ಮೌಂಟು, ತಟ್ಟೆ, ಪೆಟ್ಟಿಗೆಗಳನ್ನು ಆಯಾ ದೇಹಕ್ಕೆ ತಕ್ಕಂತೆ ಪ್ರತ್ಯೇಕವಾಗಿ ಪರಿಶೀಲಿಸಲೇಬೇಕು.

ಹಳೆಯ ಕಾರನ್ನು ಪುನಃ ಓಡಿಸಬಯಸುವ ಗ್ರಾಹಕನು ಕಡಿಮೆ ಬೆಲೆಗಿಂತ ಹೆಚ್ಚಾಗಿ ಖಚಿತತೆಯನ್ನು ಬಯಸುತ್ತಾನೆ. ಬಂದ ಭಾಗವನ್ನು ಡಬ್ಬಿಯಿಂದ ತೆಗೆದು, ಬೋಲ್ಟು ತೊಡಿಸಿ, ಕತ್ತರಿಸದೆ, ಅರೆಯದೆ ಬಿಗಿಯುವಂತಾದರೆ ಅವನು ಮುಂದಿನ ಭಾಗಕ್ಕೂ ಅದೇ ಅಂಗಡಿಗೆ ಬರುತ್ತಾನೆ. ತನ್ನಂತಹ ಇನ್ನೂ ನಾಲ್ವರನ್ನು ಕರೆತರುತ್ತಾನೆ. ದೊಡ್ಡ ಕಾರ್ಖಾನೆಗಳು ಕೈಬಿಟ್ಟ ಈ ಸಣ್ಣ ಮಾರುಕಟ್ಟೆಯಲ್ಲಿ ಸಣ್ಣ ಉದ್ದಿಮೆಗೆ ಸ್ಥಾನವಿದೆ. ಅದನ್ನು ಉಳಿಸಿಕೊಡುವುದು ವರ್ನಿಯರ್ ಕ್ಯಾಲಿಪರ್, ಒಂದು ನೋಂದಣಿ ಪುಸ್ತಕ ಹಾಗೂ ಆದೇಶಕ್ಕೆ ಮುನ್ನ ಕೇಳುವ ಆ ಕೆಲವು ಪ್ರಶ್ನೆಗಳು.